“ಹೂಂ ಅನ್ನಬ್ಯಾಡ್ರಿ, ಹೆಸರ ಹೇಳ್ರಿ”

ಬೆಳಗಿನ ಆರೂವರೆ. ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಬದಿಯ ದವಾಖಾನೆಯಲ್ಲಿ ಫಿನಾಯಿಲ್ ವಾಸನೆ ಇನ್ನೂ ಹಸಿಯಾಗಿದೆ. ಒರೆಸಿದ ನೆಲ ಆರುವ ಮೊದಲೇ ಜನ ಅದರ ಮೇಲೆ ಹೆಜ್ಜೆ ಮೂಡಿಸಿಕೊಂಡು ಬಂದು ಬಾಕಿನ ಮೇಲೆ ಕೂತಿದ್ದಾರೆ. ಐನಾಪುರದ ಮೊದಲ ಬಸ್ಸಿನಿಂದ ಇಳಿದವರು ಹದಿನಾಲ್ಕು ಮಂದಿ, ವಾರ್ಡಿನಿಂದ ಎದ್ದು ಬಂದವರು ಒಂಬತ್ತು. ಸೂಜಿ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿರುವ ಹೊಳೆವ್ವ ಸೆರಗಿಗೆ ಕೈ ಒರೆಸಿಕೊಂಡು ಕೇಸ್ ಪೇಪರಿನ ಕಟ್ಟನ್ನು ಹಿಡಿದುಕೊಳ್ಳುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಮೇಲಿನ ಕಾಗದದ ಹೆಸರನ್ನು ಮಂಗಲ ಸಿಸ್ಟರ್ ಒಳಗಿನಿಂದಲೇ ಹೇಳಿದ್ದಾರೆ: ಸೋನಾಬಾಯಿ.

ಆ ಹೆಸರನ್ನು ಕೂಗಿ ಕರೆದರೆ ಕೆಲಸ ಮುಗಿಯಬೇಕು. ಹೊಳೆವ್ವ ಕೂಗುವುದಿಲ್ಲ. ಬಾಕಿನ ತುದಿಯಲ್ಲಿ ಕೂತ ಹೆಂಗಸಿನ ಮುಂದೆ ಹೋಗಿ ನಿಲ್ಲುತ್ತಾರೆ.

“ನಿಮ್ಮ ಹೆಸರೇನ್ರಿ ಯವ್ವಾ?”

“ಸೂಜಿಗೆ ಬಂದೀನ್ರಿ.”

“ಸೂಜಿಗೆ ಬಂದೀರಿ, ಖರೆ. ಹೆಸರ?”

“ಸಾಹೇಬ್ರಿಗೆ ಗೊತ್ತೈತ್ರಿ.”

“ಸಾಹೇಬ್ರು ಇನ್ನೂ ಚಹಾ ಕುಡ್ಯಾಕತ್ತಾರ. ನನಗ ಗೊತ್ತಿಲ್ಲ. ಹೇಳ್ರಿ.”

“ಚೀಟಿ ಮ್ಯಾಲ ಬರದೈತಲ್ರೀ ಮಾವಶಿ?”

“ಚೀಟಿಗೆ ಸೂಜಿ ಚುಚ್ಚಿ ಕಳಸ್ಲೇನು? ನಿಮಗ ಆರಾಮ ಆಗ್ತೈತೇನ್ರಿ?” ಹೊಳೆವ್ವನ ದನಿ ಏರುತ್ತದೆ. ಬಾಕಿನ ಮೇಲಿದ್ದವರು ನಗುತ್ತಾರೆ. ಆ ಹೆಂಗಸು ಕೊನೆಗೂ ಬಾಯಿ ಬಿಡುತ್ತಾಳೆ: ಗೌರಾಬಾಯಿ. ಸೋನಾಬಾಯಿ ಅಲ್ಲ. ಸೋನಾಬಾಯಿ ಹೊರಗೆ ನಳದ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಾರೆ. ಕೂಗಿ ಕರೆದಿದ್ದರೆ ಗೌರಾಬಾಯಿಯೇ ಎದ್ದು ಬಂದು ತೋಳು ಚಾಚುತ್ತಿದ್ದಳು ಎಂಬುದರಲ್ಲಿ ಹೊಳೆವ್ವನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರ ಕುರಿತು ಬರೆಯಲು ಬಂದ ನಮಗೂ ಅನುಮಾನ ಉಳಿಯಬಾರದೆಂದು ಅವರು ಬಾಗಿಲಲ್ಲಿ ನಿಂತು ಇನ್ನೊಂದು ಹೆಸರು ಕೂಗುತ್ತಾರೆ: “ಪದ್ಮಾಬಾಯಿ ಯಾರ್ರಿ?” ಆ ಹೆಸರಿನ ಕಾಗದವೇ ಕಟ್ಟಿನಲ್ಲಿಲ್ಲ. ಆದರೂ ಇಬ್ಬರು ‘ಹೂನ್ರಿ’ ಎಂದು ಎದ್ದು ನಿಲ್ಲುತ್ತಾರೆ. ಅವರಲ್ಲಿ ಒಬ್ಬ ಗಂಡಸು.

“ನೋಡಿದ್ರ್ಯಾ? ಹನ್ನೊಂದ ವರ್ಷಾತು ಬಡಕೊಳ್ಳಾಕತ್ತು. ಹನ್ನೊಂದ ವರ್ಷ!” ಹೊಳೆವ್ವ ಅಂಗೈಯಿಂದ ಹಣೆ ಬಡಿದುಕೊಳ್ಳುತ್ತಾರೆ.

ಹೊಳೆವ್ವನಿಗೀಗ ಐವತ್ತೈದರ ಆಸುಪಾಸು. ಮೂವತ್ತು ಹಾಸಿಗೆಗಳ ಈ ದವಾಖಾನೆಯಲ್ಲಿ ಅವರು ಆಯಾ. ಗಡಿಯ ಈ ಭಾಗದಲ್ಲಿ ಎಲ್ಲರೂ ಕರೆಯುವ ಹಾಗೆ, ಮಾವಶಿ. ದವಾಖಾನೆಯ ಹೆಸರನ್ನು ಬರೆಯಬಾರದೆಂಬುದು ಅವರು ಮಾತಿಗೆ ಕೂರುವ ಮೊದಲೇ ಹಾಕಿದ ಶರತ್ತು. ಎರಡು ಮೈಲಿ ಆಚೆಯ ಊರಿನಿಂದ ಐದಕ್ಕೆ ಹೊರಟು ನಡೆದೇ ಬರುತ್ತಾರೆ. ಗಂಡ ಧರೆಪ್ಪನಿಗೆ ಒಂದೂವರೆ ಎಕರೆ ಹೊಲ, ಇಪ್ಪತ್ತು ಆಡು. ಕಸ ಹೊಡೆಯುವುದು, ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ಸಿರಿಂಜು ಕುದಿಸಿ ಇಡುವುದು, ರೋಗಿಗಳನ್ನು ಕರೆತಂದು ಕೂಡಿಸುವುದು, ಇಷ್ಟು ಅವರಿಗೆ ಒಪ್ಪಿಸಿದ ಕೆಲಸ. ದಿನಕ್ಕೆ ಎಪ್ಪತ್ತು ಎಂಬತ್ತು ಜನ ಅವರ ಕಣ್ಣೆದುರಿಗೆ ಹಾದು ಸೂಜಿ ಕೋಣೆಗೆ, ಡ್ರೆಸಿಂಗಿಗೆ, ಔಷಧದ ಕಿಟಕಿಗೆ ಹೋಗುತ್ತಾರೆ. ಸೋಮವಾರ ನೂರು ದಾಟುತ್ತದೆ. ಅಷ್ಟೂ ಜನರಿಂದ ಅವರವರ ಹೆಸರನ್ನು ಅವರವರ ಬಾಯಿಂದಲೇ ಹೇಳಿಸುವ ಕೆಲಸವನ್ನು ಮಾತ್ರ ಯಾರೂ ಒಪ್ಪಿಸಿದ್ದಲ್ಲ.

ಅದು ಶುರುವಾದದ್ದು ೧೯೮೪ರಲ್ಲಿ. ಹೊಳೆವ್ವ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಹೆಂಗಸರ ವಾರ್ಡಿನಲ್ಲಿ ಆಗ ಇಬ್ಬರು ಸಕ್ಕುಬಾಯಿಯರಿದ್ದರು. ಒಬ್ಬರು ಕಾಗವಾಡದ ಕಡೆಯ ಹಿರಿಯರು, ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ತೆಗೆದುಕೊಳ್ಳುತ್ತಿದ್ದವರು. ಇನ್ನೊಬ್ಬಳು ಸದಲಗಾಕ್ಕೆ ಕೊಟ್ಟ ಹುಡುಗಿ, ಇಪ್ಪತ್ತೈದೂ ತುಂಬಿರಲಿಲ್ಲ. ಐನಾಪುರದ ತವರಿಗೆ ಬಂದವಳು ಜ್ವರ ಹಿಡಿದು ಇಲ್ಲಿ ಸೇರಿದ್ದಳು. ಜ್ವರ ಇಳಿದಿತ್ತು, ಮರುದಿನ ಮನೆಗೆ ಹೋಗುವವಳಿದ್ದಳು. ಆ ಬೆಳಿಗ್ಗೆ ಅಂದಿನ ಸಿಸ್ಟರು ಸೂಜಿ ತುಂಬಿ ಇಟ್ಟುಕೊಂಡು, “ಸಕ್ಕುಬಾಯೀನ್ನ ಕರಕೊಂಡ ಬಾ” ಎಂದರು. ಹೊಳೆವ್ವ ವಾರ್ಡಿನ ಬಾಗಿಲಲ್ಲಿ ನಿಂತು ಕರೆದರು.

“ಸಕ್ಕುಬಾಯಿ ಅಂದೆ. ಬಾಗಲಾ ಸನೇದ ಕಾಟಿನ ಮ್ಯಾಲ ಇದ್ದಾಕಿ ಹೂಂ ಅಂದ್ಳು. ಎದ್ದು ಬಂದ್ಳು. ಸಿಸ್ಟರು ಕೇಳಿದ್ರು, ಸಕ್ಕುಬಾಯೇನು? ಹೂಂ. ದಿನಾ ಸೂಜಿ ಐತೇನು? ಅದಕ್ಕೂ ಹೂಂ. ಆ ಹುಡುಗಿಗಿ ದಿನಾ ಸೂಜಿ ಇರಲೇ ಇಲ್ರಿ. ಗುಳಿಗಿ ಅಷ್ಟ ಇದ್ವು.”

ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಇಳಿಯಿತು. ಅರ್ಧ ಗಂಟೆಯಲ್ಲಿ ಹುಡುಗಿ ಬೆವತಳು. ಜ್ವರ ಬಿಟ್ಟ ಮೈ, ಬೆವರು ಬರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಹೊದ್ದು ಮಲಗಿದವಳನ್ನು ನಾಷ್ಟಾಕ್ಕೆ ಎಬ್ಬಿಸಲು ಹೋದಾಗ ಏಳಲಿಲ್ಲ. ಯಾರ ಸೂಜಿ ಯಾರಿಗೆ ಹೋಯಿತೆಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಸಕ್ಕರೆ ನೀರು ಏರಿಸಿದರು, ಮಿರಜಕ್ಕೆ ಒಯ್ದರು. ಮೂರನೆಯ ದಿನ ಕಣ್ಣು ಬಿಟ್ಟಳು. ಜೀವ ಉಳಿಯಿತು. ಆದರೆ ಬಲಗೈ ಮೊದಲಿನಂತಾಗಲಿಲ್ಲ, ಮಾತು ತಡೆತಡೆದು ಬರತೊಡಗಿತು.

ಮನೆಯವರಿಗೆ ಹೇಳಿದ್ದು ಜ್ವರದ ನಿಶ್ಶಕ್ತಿ ಎಂದು. ಕಾಗದದ ಮೇಲೆ ಬರೆದದ್ದೂ ಅದೇ. “ನೀ ಬಾಯಿ ಬಿಟ್ಟರ ಮೊದಲ ಹೋಗೂದು ನಿನ್ನ ನೌಕರಿ” ಎಂದು ಹೊಳೆವ್ವನಿಗೆ ಹೇಳಿದ ಸಿಸ್ಟರು ವರ್ಷದೊಳಗೆ ಬೇರೆ ಕಡೆ ಹೋದರು. ಅಂದಿನ ಡಾಕ್ಟರೂ ಹೋದರು. ಹೊಳೆವ್ವ ಎರಡು ತಿಂಗಳು ಬಾಯಿ ಮುಚ್ಚಿಕೊಂಡೇ ಇದ್ದರು. ಉಂಡದ್ದು ಮೈಗೆ ಹತ್ತಲಿಲ್ಲ. ಏನಾಗಿದೆ ಎಂದು ಕೇಳಿದ ಗಂಡನಿಗೂ ಹೇಳಲಿಲ್ಲ. ಕೊನೆಗೆ ಒಂದು ಗುರುವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ವಿಳಾಸ ಕೇಳುತ್ತಾ ಸದಲಗಾಕ್ಕೆ ಹೋದರು.

ಸಕ್ಕುಬಾಯಿಯ ಗಂಡ ಲಗಮಣ್ಣ ಎಮ್ಮೆಗೆ ಮೇವು ಹಾಕುತ್ತಿದ್ದ. ಹೊಳೆವ್ವ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಆತ ಹೊಡೆಯಲು ಬರಬಹುದೆಂದುಕೊಂಡಿದ್ದರು. ಅವನು ಕೈಯಲ್ಲಿದ್ದ ಮೇವಿನ ಸಿವುಡನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. ಹೆಂಡತಿಯ ಕಡೆ ತಿರುಗಿದ.

“ನೀ ಯಾಕ ಹೂಂ ಅಂದಿ?”

ಗೋಡೆಗೆ ಆತು ಕೂತಿದ್ದ ಸಕ್ಕುಬಾಯಿ ಒಂದೊಂದೇ ಮಾತನ್ನು ಹುಡುಕಿ ತೆಗೆದಳು. “ದೊಡ್ಡ ದವಾಖಾನಿ... ಅವರು ತಪ್ಪ ಕರೀತಾರೇನು... ಅಂತ ಹೂಂ ಅಂದ್ನಿ.”

ಹೊಳೆವ್ವ ಈ ಮಾತನ್ನು ಹೇಳುವಾಗ ಮುಖ ಬೇರೆ ಕಡೆ ತಿರುಗಿಸುತ್ತಾರೆ. “ಲಗಮಣ್ಣ ನನಗ ಏನಂದಾ ಅಂದ್ರ, ನೀವು ಬಂದು ಹೇಳಿದ್ರಿ, ಮತ್ಯಾರೂ ಬರಲಿಲ್ಲ. ಈಗ ಹೋಗ್ರಿ, ಇನ್ನೊಮ್ಮಿ ಬರಬ್ಯಾಡ್ರಿ. ನಾ ಮತ್ತ ಹೋಗಿಲ್ರಿ. ಯಾವ ಮಾರಿ ಇಟಗೊಂಡ ಹೋಗ್ಲಿ?”

ಮರುದಿನದಿಂದ ಅವರು ಹೆಸರು ಕೂಗುವುದನ್ನು ಬಿಟ್ಟರು. ತಾನು ಹೆಸರು ಹೇಳಿ ‘ಹೂಂ’ ಅನ್ನಿಸಿಕೊಳ್ಳುವುದಲ್ಲ, ಅವರ ಬಾಯಿಂದಲೇ ಹೆಸರು ಬರಬೇಕು. ಕೇಳಲು ಇಷ್ಟು ಸುಲಭವಾದ ಮಾತನ್ನು ಮಾಡಿಸುವುದು ಎಂಥ ತ್ರಾಸಿನ ಕೆಲಸ ಎಂದು ಆಮೇಲೆ ಗೊತ್ತಾಯಿತು. ಹೆಸರೊಂದೇ ಸಾಲುವುದಿಲ್ಲ. ಸಕ್ಕುಬಾಯಿಯರು, ಗೌರಾಬಾಯಿಯರು ಊರಿಗೆ ಹತ್ತು ಮಂದಿ. ಗಂಡನ ಹೆಸರೂ ಬೇಕು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುತ್ತಾಳೆಯೆ? ಸೆರಗು ಬಾಯಿಗಿಟ್ಟು ನಗುತ್ತಾಳೆ, ಪಕ್ಕದವಳಿಂದ ಹೇಳಿಸುತ್ತಾಳೆ. ಪಕ್ಕದವಳು ಅವಳ ಮೈದುನನ ಹೆಸರನ್ನು ಹೇಳಿರುತ್ತಾಳೆ.

“ಹಂಗಾರ ಒಡಪ ಹಚ್ಚಿ ಹೇಳ್ರಿ ಅಂದೆ. ಮದವ್ಯಾಗ ಹೇಳೂದಿಲ್ಲೇನು? ಇಲ್ಲೂ ಹೇಳ್ರಿ.”

ಅಂದಿನಿಂದ ಸೂಜಿ ಕೋಣೆಯ ಬಾಗಿಲಲ್ಲಿ, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪು ಕೇಳಿಬರುತ್ತದೆ. ಇವತ್ತೂ ಜ್ವರದಲ್ಲಿ ನಡುಗುತ್ತಿರುವ ಹೆಂಗಸೊಬ್ಬಳು ಕಣ್ಣು ಮುಚ್ಚಿಕೊಂಡು, ಹಲ್ಲು ಕಟಕಟಿಸುತ್ತಲೇ ಹೇಳುತ್ತಾಳೆ: “ಹೊಳೀ ದಂಡಿಗಿ ಬೆಳದೈತಿ ಹೊಂಬಣ್ಣದ ಕಬ್ಬ, ಮುರಗೆಪ್ಪರ ಹೆಸರ ಹೇಳಿದ್ರ ನಮ್ಮ ಮನ್ಯಾಗ ದಿನಾ ಹಬ್ಬ.” ಬಾಕು ತುಂಬ ನಗು. ಒಳಗಿನಿಂದ ಮಂಗಲ ಸಿಸ್ಟರ್ ಕಾಗದ ನೋಡಿ, “ಮುರಗೆಪ್ಪ, ಬರೋಬ್ಬರಿ” ಎಂದು ಒಪ್ಪಿಗೆ ಕೊಡುತ್ತಾರೆ. ಮಹಾರಾಷ್ಟ್ರದ ಕಡೆಯಿಂದ ಬಂದವರಿಗೆ ಹೊಳೆವ್ವ ಹೆಸರು ಹೇಳಿ ಎಂದು ಮರಾಠಿಯಲ್ಲೇ ಗದರುತ್ತಾರೆ: “ನಾವ ಸಾಂಗಾ, ನಾವ!” ಅವರೂ ತಲೆಯನ್ನಷ್ಟೇ ಆಡಿಸುತ್ತಾರೆ. ಈ ವಿಷಯದಲ್ಲಿ ಎರಡು ಭಾಷೆಗಳಿಗೂ ಏನೂ ವ್ಯತ್ಯಾಸವಿಲ್ಲ.

ಓದು ಬರದವರಷ್ಟೇ ಹೀಗೆ ಎಂದುಕೊಂಡರೆ ಹೊಳೆವ್ವ ಒಪ್ಪುವುದಿಲ್ಲ. ಕಲಿತವರು, ಉಳ್ಳವರು ಇನ್ನೂ ಕಷ್ಟ. ಮೂರು ವರ್ಷದ ಹಿಂದೆ ಅಥಣಿ ಕಡೆಯ ದ್ರಾಕ್ಷಿ ತೋಟದ ಧಣಿ ಅಣ್ಣಾಸಾಬ ತಲೆ ತಿರುಗುತ್ತದೆಂದು ಬಂದರು. ಸರದಿಯಲ್ಲಿ ಕೂತ ಅವರನ್ನು ಹೊಳೆವ್ವ ಕೇಳಿದರು, ಮನೆಯಲ್ಲಿ ಏನೇನು ಗುಳಿಗೆ ನುಂಗುತ್ತೀರಿ?

“ನೀ ಯಾರಬೇ ಕೇಳಾಕ?”

“ನಾ ಕಸಾ ಹೊಡಿಯಾಕಿರಿ. ಆದ್ರ ಗುಳಿಗಿ ಯಾವುವು ಅಂತ ಹೇಳ್ರಿ.”

“ಏನೂ ಇಲ್ಲ.”

ಅಣ್ಣಾಸಾಬರ ಹೆಂಡತಿ ಹಿಂದಿನಿಂದ ಕೈಸನ್ನೆ ಮಾಡಿದರು. ಅವರ ಚೀಲದಲ್ಲಿ ಎರಡು ಬಗೆಯ ಗುಳಿಗೆಯ ಪಾಕೀಟುಗಳಿದ್ದವು. ಒಂದು ಊರಿನ ಡಾಕ್ಟರು ಕೊಟ್ಟದ್ದು, ಒಂದು ದೊಡ್ಡ ಊರಿಗೆ ಹೋದಾಗ ಬರೆಸಿಕೊಂಡು ಬಂದದ್ದು. ಇಲ್ಲಿನ ಡಾಕ್ಟರ್ ಜಯಪಾಲ ಎರಡನ್ನೂ ತಿರುವಿ ನೋಡಿದರು. ಹೆಸರು ಎರಡು, ಔಷಧ ಒಂದೇ, ರಕ್ತದೊತ್ತಡದ್ದು. ಧಣಿಗಳು ಎರಡು ತಿಂಗಳಿಂದ ದುಪ್ಪಟ್ಟು ನುಂಗುತ್ತಿದ್ದರು. ಒಬ್ಬ ಡಾಕ್ಟರಿಗೆ ಇನ್ನೊಬ್ಬರ ಸುದ್ದಿ ಹೇಳಿದರೆ ಬೇಸರವಾದೀತೆಂದು ಇಬ್ಬರಿಗೂ ಹೇಳಿರಲಿಲ್ಲ. ಅವತ್ತು ಮೂರನೆಯದನ್ನು ಬರೆಸಿಕೊಂಡು ಹೋಗುವವರಿದ್ದರು.

ಈ ಪ್ರಸಂಗವನ್ನು ಡಾಕ್ಟರ್ ಜಯಪಾಲ ಅವರೂ ನೆನೆಯುತ್ತಾರೆ. “ಮೊದಲ ಮೊದಲ ನನಗೂ ಸಿಟ್ಟ ಬರ್ತಿತ್ತು. ಹೊರಗ ನೂರು ಮಂದಿ ಕೂತಿರ್ತಾರ, ಈ ಮಾವಶಿ ಬಾಗಲದಾಗ ಒಡಪ ಹೇಳಸ್ಕೋತ ನಿಂತಿರ್ತಾಳ. ಒಮ್ಮೆ ಕೆಲಸಾ ಬಿಡಸಾಕೂ ಹೇಳಿದ್ದೆ. ಅಣ್ಣಾಸಾಬರ ಚೀಲಾ ನೋಡಿದ ಮ್ಯಾಲ ಸುಮ್ನಾದೆ.”

ಅಂದಿನಿಂದ ಹೊಳೆವ್ವ ಎಲ್ಲರಿಗೂ ಹೇಳುವುದೆಂದರೆ, ಬರುವಾಗ ಮನೆಯ ಔಷಧವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರ್ರಿ. ಡಾಕ್ಟರರದು, ನಾಟಿ ವೈದ್ಯರದು, ಅಂಗಡಿಯಲ್ಲಿ ಕೇಳಿ ತಂದದ್ದು, ಎಲ್ಲ. ಕೆಂಪು ಗುಳಿಗೆ, ಬಿಳಿ ಗುಳಿಗೆ ಎಂದು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಿಂದೆ ಯಾವುದಾದರೂ ಸೂಜಿಗೆ ಮೈ ದದ್ದರಿಸಿದ್ದರೆ, ಉಸಿರು ಕಟ್ಟಿದ್ದರೆ, ಕೇಳಲಿ ಬಿಡಲಿ, ಅದನ್ನು ಮೊದಲು ಹೇಳಿ. ಹಾಗೆ ಹೇಳದೆ ಕೂತಿದ್ದ ಐನಾಪುರದ ರೈತನೊಬ್ಬನಿಗೆ ಟೆಸ್ಟ್ ಡೋಸಿಗೇ ತುಟಿ ಊದಿಕೊಂಡಿತ್ತು. ಮೊದಲೊಮ್ಮೆ ಹೀಗಾಗಿತ್ತೇ ಎಂದರೆ ಆತ ಊದಿದ ತುಟಿಯಲ್ಲೇ, “ಆಗಿತ್ರಿ, ನೀವು ಕೇಳಲಿಲ್ರಿ” ಅಂದನಂತೆ. ಹೇಳುತ್ತಾ ಹೊಳೆವ್ವ ಮತ್ತೆ ಹಣೆಗೆ ಕೈ ಒಯ್ಯುತ್ತಾರೆ. “ನಾ ಕೇಳಲಿಲ್ಲಂತ! ಅವತ್ತ ನನಗ ರಜಾ ಇತ್ರಿ.”

ಅದೇ ಅಣ್ಣಾಸಾಬ ಹೋದ ತಿಂಗಳು ಮತ್ತೆ ಬಂದಿದ್ದರು. ಚೀಲ ತಂದಿದ್ದರು. ಕೇಳಿದ್ದನ್ನೆಲ್ಲ ಹೇಳಿದರು. ಕಷಾಯದ ಬಾಟಲಿಯೊಂದನ್ನು ಮಾತ್ರ ಜೀಪಿನಲ್ಲಿ ಬಿಟ್ಟು ಬಂದಿದ್ದರು.

ಹೀಗೆ ಊರಿಗೆಲ್ಲ ಬೈಯುತ್ತ ಬಂದ ಹೊಳೆವ್ವ ತಮ್ಮ ಮೇಲೆ ಸಿಟ್ಟಾಗುವ ದಿನವೂ ಬಂತು. ಹೋದ ವರ್ಷ ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ದೂರದ ಊರಿನ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ನೆರೆಮನೆಯ ದುಂಡವ್ವನ ಜೊತೆ ಹೋದರು. ದುಂಡವ್ವನಿಗೂ ಪೊರೆಯೇ. ಬಸ್ಸಿನುದ್ದಕ್ಕೂ ಹೊಳೆವ್ವ ಆಕೆಗೆ ಪಾಠ ಹೇಳಿದರು: ಹೆಸರು ನೀನೇ ಹೇಳು, ಯಾವ ಕಣ್ಣೆಂದು ನೀನೇ ಹೇಳು, ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡ. ದುಂಡವ್ವ ಎಲ್ಲದಕ್ಕೂ ‘ಹೂಂ ಅಕ್ಕಾ’ ಎನ್ನುತ್ತಾ ಬಂದಳು.

ಶಿಬಿರದಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಮೇಜಿನ ಮೇಲೆ ಮಲಗಿಸಿದರು. ಹಸಿರು ಬಟ್ಟೆ, ತಲೆಯ ಮೇಲೆ ದೀಪ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವರ ಓಡಾಟ. ಆ ದಿನ ಅಲ್ಲಿ ನೂರಾ ಇಪ್ಪತ್ತು ಕಣ್ಣುಗಳ ಕೆಲಸವಿತ್ತು. ಒಬ್ಬ ಡಾಕ್ಟರು ಬಗ್ಗಿ ಕೇಳಿದರು: “ಎಡಗಣ್ಣು, ಹೌದಲ್ಲ ಅಜ್ಜಿ?”

“ಹೂಂ ಅಂದ್ನಿರಿ.” ಹೊಳೆವ್ವ ಎರಡೂ ಕೈ ಚೆಲ್ಲುತ್ತಾರೆ. “ನಾ! ಈ ಹೊಳೆವ್ವ! ನನ್ನ ಬಾಯಾಗಿಂದ ತಾನ ಬಂತು. ಬಲಗಣ್ಣ ಅಂತ ಗೊತ್ತೈತಿ, ನಾಲಿಗಿ ಏಳವಲ್ದು. ಅಷ್ಟ ದೊಡ್ಡ ಮನಶಾ ಮ್ಯಾಲ ನಿಂತು ಕೇಳಾಕತ್ತಾನ, ಇಲ್ಲ ಅನ್ನೂದು ಹೆಂಗ ಅನಸ್ತು.”

ಎಡಗಣ್ಣಿನ ಸುತ್ತ ಔಷಧ ಹಚ್ಚಿ ಒರೆಸಿದ್ದೂ ಆಯಿತು. ಆಗ ಪಕ್ಕದ ಮೇಜಿನಿಂದ ದುಂಡವ್ವ ಎದ್ದು ಕೂತಳು. “ಸಾಹೇಬ್ರ, ತಡೀರಿ! ಈಕಿದು ಬಲಗಣ್ಣರಿ. ಮುಂಜಾನಿಂದ ನನ್ನ ತಲಿ ತಿಂದಾಳ ಬಲಗಣ್ಣ ಬಲಗಣ್ಣ ಅಂತ!” ಡಾಕ್ಟರು ಕಾಗದ ತರಿಸಿ ನೋಡಿದರು. ಬಲಗಣ್ಣೇ. ಮುಂದಿನ ಎಲ್ಲ ಕಾಗದಗಳನ್ನೂ ಮತ್ತೊಮ್ಮೆ ನೋಡಿದ ಮೇಲೆಯೇ ಅವರು ಚಾಕು ಮುಟ್ಟಿದರಂತೆ.

ಬಲಗಣ್ಣು ಈಗ ಚೆನ್ನಾಗಿ ಕಾಣುತ್ತದೆ. ಆದರೆ ಆ ದಿನದ ನಂತರ ಹೊಳೆವ್ವನ ಕೆಲಸದ ರೀತಿ ಬದಲಾಗಿದೆ. ಮೊದಲು ರೋಗಿಗೇ ಬೈಯುತ್ತಿದ್ದವರು ಈಗ ಜೊತೆಗೆ ಬಂದವರನ್ನು ಹಿಡಿಯುತ್ತಾರೆ. ಹೊರಗೆ ಬೀಡಿ ಸೇದುತ್ತ ನಿಂತ ಗಂಡ, ಬೇವಿನ ಗಿಡದ ಕೆಳಗೆ ಹರಟುವ ಅತ್ತೆ, ಎಲ್ಲರನ್ನೂ ಒಳಗೆ ಎಳೆದು ತರುತ್ತಾರೆ. “ಮಲಗಿದವರಿಗೆ ಬಾಯಿ ಇರೂದಿಲ್ರಿ. ಅದು ನನಗ ಆ ಮೇಜಿನ ಮ್ಯಾಲ ತಿಳೀತು. ಬಾಜೂಕ ನಿಂತವರು ಕೇಳಬೇಕು, ಇದು ಯಾತರ ಸೂಜಿ, ಯಾರಿಗಿ, ಯಾಕ ಅಂತ. ಕೇಳಿದ್ರ ಡಾಕ್ಟರ್ ಸಿಟ್ಟಾಗ್ತಾರ? ಆಗ್ಲಿ. ಸಿಟ್ಟ ಇಳೀತೈತಿ. ಒಳಗ ಹೋದ ಸೂಜಿ ಹೊರಗ ಬರ್ತೈತೇನು?”

ಇನ್ನೊಂದು ಮಾತನ್ನು ಅವರು ನೇರವಾಗಿ ಡಾಕ್ಟರ್ ಜಯಪಾಲರ ಕೋಣೆಗೇ ಹೋಗಿ ಹೇಳಿದರು. ಉತ್ತರವನ್ನು ಬಾಯಿಗೆ ಇಟ್ಟು ಪ್ರಶ್ನೆ ಕೇಳಬೇಡಿ. ಎಡಗಾಲು ಹೌದಲ್ಲ ಎಂದರೆ ಹೂಂ ಅನ್ನುತ್ತಾರೆ, ಬಲಗಾಲು ಹೌದಲ್ಲ ಎಂದರೂ ಹೂಂ ಅನ್ನುತ್ತಾರೆ. ಯಾವ ಕಾಲು ಎಂದು ಕೇಳಿ. ಒಂದು ವಾರದ ಮೇಲೆ ಡಾಕ್ಟರ ಕೋಣೆಯಿಂದ “ಯಾವ ಕಾಲು? ನೀವ ತೋರಸ್ರಿ” ಎಂಬ ಮಾತು ಕೇಳಿತು. ಬಾಗಿಲಾಚೆ ನೆಲ ಒರೆಸುತ್ತಿದ್ದ ಹೊಳೆವ್ವ ಬೇಕೆಂದೇ ಆ ಜಾಗವನ್ನು ಎರಡು ಸಲ ಒರೆಸಿದರು.

ಆದರೂ ಅವರ ಕಿರಿಕಿರಿ ತಗ್ಗಿಲ್ಲ. ಇವತ್ತು ಬೆಳಗಿನಿಂದ ಎಣಿಸುತ್ತಾ ಕೂತ ನಮ್ಮ ಲೆಕ್ಕದಲ್ಲಿ, ಮೂರು ಗಂಟೆಯಲ್ಲಿ ಬಂದವರು ಐವತ್ತೆರಡು ಮಂದಿ. ಮೊದಲ ಸಲಕ್ಕೇ ತಮ್ಮ ಹೆಸರು ಹೇಳಿದವರು ಹತ್ತೊಂಬತ್ತು. ಔಷಧದ ಚೀಲ ತಂದವರು ಏಳು. “ಹೋದ ವರ್ಷ ಇಷ್ಟೂ ಇರಲಿಲ್ಲೇನೋ” ಎಂದು ಯಾರೋ ಸಮಾಧಾನ ಹೇಳಲು ಹೋದರೆ ಹೊಳೆವ್ವ ಕಣ್ಣು ಕೆಂಪಗೆ ಮಾಡುತ್ತಾರೆ. “ಐವತ್ತೆರಡರಾಗ ಏಳಂತ, ಏಳು! ಉಳದವರ ಗುಳಿಗಿ ಏನು ನಾ ಕನಸಿನ್ಯಾಗ ನೋಡ್ಲೇನು?” ಮನೆಗೆ ಹೋದರೆ ಗಂಡನೂ ಅದೇ ಜಾತಿಯವನು ಎಂದು ಗೊಣಗುತ್ತಾರೆ. ಧರೆಪ್ಪನಿಗೆ ಕೆಮ್ಮಿನ ಔಷಧ ಕುಡಿದೆಯಾ ಎಂದು ಕೇಳಿದರೆ ಹೂಂ. ಬಾಟಲಿ ನೋಡಿದರೆ ಸೀಲೇ ಒಡೆದಿರುವುದಿಲ್ಲ.

ಇನ್ನೆರಡು ವರ್ಷಕ್ಕೆ ಹೊಳೆವ್ವ ನಿವೃತ್ತರಾಗುತ್ತಾರೆ. ಅವರು ಹೇಳುವುದನ್ನೆಲ್ಲ ಬರೆಸಿ ಗೋಡೆಗೆ ಫಲಕ ಹಾಕಿಸೋಣ ಎಂದು ಡಾಕ್ಟರು ಅಂದದ್ದುಂಟು. ಹೊಳೆವ್ವ ಬೇಡವೆಂದರು. ಓದು ಬರದವರು ಓದುವುದಿಲ್ಲ, ಓದು ಬಂದವರು ನೋಡುವುದಿಲ್ಲ. ಅವರಿಗಿರುವ ಆಸೆ ಒಂದೇ, ಅದನ್ನು ಡಾಕ್ಟರ ಕಿವಿಗೂ ಹಾಕಿದ್ದಾರೆ. “ನನ್ನ ಜಾಗಾಕ್ಕ ಯಾರ್ನರ ತಗೋಳಾಗ ಎಷ್ಟು ಸಾಲಿ ಕಲತಾಳ ಅಂತ ನೋಡಬ್ಯಾಡ್ರಿ ಅಂದೀನಿ. ಎದುರಾಡಾಕ ಬರ್ತೈತೋ ಇಲ್ಲೋ, ಅದನ್ನ ನೋಡಿ ತಗೋರಿ.”

ಮಾತು ಇಲ್ಲಿಗೆ ಬಂದಾಗ ಒಳಗೆ ಗದ್ದಲ ಕೇಳುತ್ತದೆ. ಸೂಜಿ ಕೋಣೆಯಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ತೋಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತಿದ್ದಾಳೆ. ಮಂಗಲ ಸಿಸ್ಟರ್ ಸೂಜಿ ಹಿಡಿದು ನಿಂತಿದ್ದಾರೆ.

“ಮೊದಲ ಹೇಳ್ರಿ ಬಾಯಿ. ಇದು ಯಾತರದು? ಇದರ ಮ್ಯಾಲ ನನ್ನ ಹೆಸರ ಐತೇನು?”

ಸಿಸ್ಟರ್ ಗಡಿಯಾರ ನೋಡುತ್ತಾರೆ, ಹೊರಗಿನ ಸಾಲು ನೋಡುತ್ತಾರೆ, ಆಮೇಲೆ ಬಾಗಿಲಲ್ಲಿ ನಿಂತ ಹೊಳೆವ್ವನನ್ನು, ಇದೆಲ್ಲ ನಿನ್ನದೇ ಕೆಲಸ ಎನ್ನುವಂತೆ, ದುರುಗುಟ್ಟಿ ನೋಡುತ್ತಾರೆ.

ಹೊಳೆವ್ವ ಬಕೆಟ್ಟು ಎತ್ತಿಕೊಳ್ಳುತ್ತಾ ಹೇಳುತ್ತಾರೆ: “ನನ್ನ ಮಾರಿ ಯಾಕ ನೋಡ್ತೀ ಬಾಯಿ? ಕೇಳಿದಾಕಿ ಆಕಿ. ಆಕೀಗಿ ಹೇಳು.”